ಹಲಸೂರಿನ ವಠಾರದಲ್ಲಿ ನನ್ನ ತೊಟ್ಟಿಲು

ಮೊನ್ನೆ ಪಕ್ಕದ ಮನೆಯವರು ಏಣಿ ಕೇಳಲು ಬಂದಾಗ ನಾನು ಎದ್ದು ಒಳಗೆ ಹೋಗಿ ಕೂತದ್ದನ್ನು ನೋಡಿ ನೀವೆಲ್ಲ ನಕ್ಕಿರಿ. ಅಜ್ಜಿ ಜಿಪುಣಿ ಎಂದಿರಿ. ಜಿಪುಣತನವಲ್ಲ. ಯಾರಾದರೂ ಕೇಳಿದರೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ, ಕೊಟ್ಟದ್ದನ್ನು ವಾಪಸು ಕೇಳಲೂ ಬರುವುದಿಲ್ಲ. ಅದಕ್ಕೇ ಒಳಗೆ ಹೋಗುವುದು. ಇದನ್ನು ನಿಮ್ಮೆದುರು ಹೇಳುವುದಕ್ಕೂ ಸಂಕೋಚ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಐದು ಮನೆ, ಒಂದು ನಲ್ಲಿ. ನಿಮ್ಮ ತಾತ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರು. ಯಾರ ಮನೆಯಲ್ಲಿ ಏನಿದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಇಸ್ತ್ರಿ ಪೆಟ್ಟಿಗೆ ಕೊನೆಯ ಮನೆಯದು, ಶಾವಿಗೆ ಒತ್ತುವ ಒರಳು ಮೂಲೆ ಮನೆಯದು, ನೀರು ಕಾಯಿಸುವ ದೊಡ್ಡ ಹಂಡೆ ನಮ್ಮದು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಯಾರೂ ಕೊಡುತ್ತಿರಲಿಲ್ಲ. ಅಷ್ಟು ಹೊತ್ತು ಮಾತ್ರ ನನಗೆ ನೆಮ್ಮದಿ. ಹಗಲೆಲ್ಲ ನಮ್ಮ ಮನೆಯ ಸಾಮಾನು ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ರಾಗಿ ಹಿಟ್ಟು ಜರಡಿ ಹಿಡಿಯೋಣವೆಂದರೆ ಜರಡಿ ಎರಡು ಮನೆ ಆಚೆ. ಅದು ಬರುವ ಹೊತ್ತಿಗೆ ಹಿಟ್ಟು ಕಲಸಿ ಮುದ್ದೆ ಮಾಡಿ ಉಂಡೂ ಆಗಿರುತ್ತಿತ್ತು, ತೌಡಿನ ಸಮೇತ.

ಜರಡಿ ಹೋಗಲಿ, ಹಂಡೆಯೂ ಹೋಗಲಿ. ತೊಟ್ಟಿಲಿನ ಮಾತು ಬೇರೆ.

ಅದನ್ನು ಮಾಡಿಸಿದವರು ನನ್ನ ಅಪ್ಪ. ಕೃಷ್ಣರಾಜಪುರದ ಆಚೆ ನಮ್ಮ ಊರು. ಹೊಲದ ಬದುವಿನ ಹಲಸಿನ ಮರ ಗಾಳಿಗೆ ಬಿದ್ದಾಗ ಅಪ್ಪ ಅದನ್ನು ಸೌದೆಗೆ ಕಡಿಯಲು ಬಿಡದೆ, ನನ್ನ ಚೊಚ್ಚಲ ಹೆರಿಗೆಯಾದ ಮೇಲೆ ಆಚಾರಿಯನ್ನು ಮನೆಗೇ ಕರೆಸಿ, ಎಂಟು ದಿನ ಎದುರಿಗೇ ಕೂತು ಮಾಡಿಸಿದರು. ನಾಲ್ಕು ಮೂಲೆಗೂ ಕಡೆದ ಗುಬುಟು, ಪಕ್ಕದ ಹಲಗೆಗೆ ಎರಡು ಗಿಣಿ. ನನ್ನ ಮಗಳು, ಅಂದರೆ ನಿಮ್ಮ ದೊಡ್ಡತ್ತೆ, ಅದರಲ್ಲೇ ದುಂಡಗೆ ಬೆಳೆದಳು. ಅದನ್ನು ನೋಡಿ ವಠಾರದವರೆಲ್ಲ ಅದು ಮಕ್ಕಳನ್ನು ದಕ್ಕಿಸುವ ತೊಟ್ಟಿಲು ಎಂದು ಮಾತಾಡಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ.

ಪಕ್ಕದ ಮನೆಯವಳು ತಮಿಳು ಮಾತಿನವಳು. ಅವಳ ಗಂಡ ಪಟ್ಟಾಳದ, ಅಂದರೆ ಸೈನ್ಯದ, ಲಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡು ಮಕ್ಕಳು ಹುಟ್ಟಿ ಉಳಿದಿರಲಿಲ್ಲ. ಮೂರನೆಯದು ಹುಟ್ಟಿದಾಗ ಅವಳ ಗಂಡ ಬಂದು ತೊಟ್ಟಿಲು ಕೇಳಿದ. ನಾನು ಒಲೆಯ ಮುಂದಿದ್ದೆ. ನಿಮ್ಮ ತಾತ ನನ್ನನ್ನು ಒಂದು ಮಾತೂ ಕೇಳದೆ, "ಅಯ್ಯೋ ಅದಕ್ಕೇನು, ತಗೊಂಡ್ಹೋಗಪ್ಪ" ಎಂದುಬಿಟ್ಟರು. ಆಮೇಲೆ ಒಳಗೆ ಬಂದು, "ಮಗಳು ಓಡಾಡ್ತಾ ಇದಾಳೆ. ಸುಮ್ನೆ ಇಟ್ಕೊಂಡು ಏನ್ ಮಾಡ್ತೀಯೆ?" ಎಂದರು. ಆ ಕೂಸು ಉಳಿಯಿತು. ಅದರ ಬಗ್ಗೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಇರಲಿಲ್ಲ, ದೇವರಾಣೆ.

ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡರು. ಅದಾದ ಕೆಲವು ತಿಂಗಳಿಗೆ ನನಗೆ ಮತ್ತೆ ದಿನ ನಿಂತಿತು.

ಮೂರನೇ ತಿಂಗಳು. ಇನ್ನೂ ಯಾರಿಗೂ ಹೇಳಿರಲಿಲ್ಲ, ಹೇಳುವ ಪದ್ಧತಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಪಕ್ಕದವಳು ಗಂಡನ ಕೈಲಿ ತೊಟ್ಟಿಲು ಹೊರಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ನಮ್ಮವನು ನಡೆಯೋಕೆ ಶುರು ಮಾಡ್ಬಿಟ್ಟ. ತೊಟ್ಟಿಲು ತಗೋಳಿ, ಎಲ್ಲಿ ಇಡ್ಲಿ?"

ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಬಸುರಿ ಇರುವ ಮನೆಗೆ ಖಾಲಿ ತೊಟ್ಟಿಲು ಬರಬಾರದು. ಹುಟ್ಟುವ ಮೊದಲೇ ತೊಟ್ಟಿಲು ತಂದಿಟ್ಟುಕೊಂಡರೆ ಅದು ಖಾಲಿಯೇ ಉಳಿಯುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಬೇಡ ಎನ್ನಬೇಕು, ಯಾಕೆ ಬೇಡ ಎಂದು ಹೇಳುವಂತಿಲ್ಲ. ಅವಳ ಗಂಡ ಬೇರೆ ಎದುರಿಗೆ ನಿಂತಿದ್ದಾನೆ.

"ನಿಮ್ಮಲ್ಲೇ ಇರ್ಲಿ ಬಿಡಮ್ಮ" ಎಂದೆ.

"ನಿಮ್ಗೆ ಬೇಡ್ವಾ?"

"ಈಗ ಬೇಡ."

ಆ "ಈಗ" ಎಂಬ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. ನನ್ನ ಧ್ವನಿಯೇ ಅಷ್ಟು. ಒಂದು ವಾರದೊಳಗೆ ಅವಳು ಅದನ್ನು ಮರ್ಫಿ ಟೌನಿನ ನಾದಿನಿಯ ಹಸುಗೂಸಿಗೆ ಕೊಟ್ಟು ಬಂದಳು. ನಲ್ಲಿಯ ಹತ್ತಿರ ಸಂತೋಷವಾಗಿ ಹೇಳಿದಳು, "ನಿಮ್ಮ ಹೆಸರು ಹೇಳಿ ಕೊಟ್ಟೆ ಅಕ್ಕಾ. ನಿಮ್ಗೆ ಪುಣ್ಯ ಬರುತ್ತೆ." ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ತಲೆಯಾಡಿಸಿದೆ.

ಐದು ತಿಂಗಳು ತುಂಬಿದ ಮೇಲೆ ಊರಿಗೆ ಕಾಗದ ಬರೆದೆ. ಮೇಷ್ಟರ ಕೈಲಿ ಅಮ್ಮ ಉತ್ತರ ಬರೆಸಿದರು. ಈ ಸಲ ಬಾಣಂತನ ಮಾಡುವ ಶಕ್ತಿ ನನಗಿಲ್ಲ, ಆದರೆ ನಾಮಕರಣಕ್ಕೆ ಬರುತ್ತೇನೆ. ಗಂಡ ಹೋದವಳು, ತೊಟ್ಟಿಲಿಗೆ ಕೈ ಹಚ್ಚುವುದಿಲ್ಲ, ದೂರ ನಿಂತು ನೋಡುತ್ತೇನೆ. ನಿನ್ನ ಅಪ್ಪ ಮಾಡಿಸಿದ ತೊಟ್ಟಿಲಲ್ಲಿ ಮಗು ಮಲಗಿರುವುದನ್ನು ನೋಡಿದರೆ ಸಾಕು. ಅಪ್ಪ ಹೋದ ಮೇಲೆ ಅಮ್ಮ ಹೊಸಿಲು ದಾಟಿರಲಿಲ್ಲ. ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ನಿಮ್ಮ ತಾತನಿಗೆ ಹೇಳಿದೆ. "ಅದಕ್ಯಾಕೆ ಯೋಚ್ನೆ, ಹೋಗಿ ಕೇಳಿದ್ರೆ ಆಯ್ತು" ಎಂದು ಬೀಡಿ ಹಚ್ಚಿಕೊಂಡರು. ಕೇಳುವವರು ಯಾರು ಎಂದು ಮಾತ್ರ ಹೇಳಲಿಲ್ಲ. ಕೊಡುವಾಗ ಬಂದ ಮಾತು ಕೇಳುವಾಗ ಗಂಡಸರಿಗೆ ಬರುವುದಿಲ್ಲ.

ಎಂಟನೇ ತಿಂಗಳಲ್ಲಿ ಕೂಸನ್ನು ನೋಡುವ ನೆಪ ಹೇಳಿ ನಾನೇ ಪಕ್ಕದವಳ ಜೊತೆ ಮರ್ಫಿ ಟೌನಿಗೆ ನಡೆದೆ. ಅವಳ ನಾದಿನಿ ಒಳ್ಳೆಯವಳು. ಚಾಪೆ ಹಾಸಿದಳು, ಬೆಲ್ಲದ ಕಾಫಿ ಕೊಟ್ಟಳು. ನನ್ನ ಕಣ್ಣು ತೊಟ್ಟಿಲನ್ನು ಹುಡುಕಿತು. ಎದುರಿಗೇ ತೂಗುತ್ತಿದ್ದರೂ ಮೊದಲು ಗುರುತೇ ಸಿಗಲಿಲ್ಲ. ಇಡೀ ತೊಟ್ಟಿಲಿಗೆ ಪಟ್ಟಾಳದ ಹಸಿರು ಬಣ್ಣ ಬಳಿದಿದ್ದರು. ಲಾರಿಗೆ ಬಳಿಯುವುದು. ಗಿಣಿ ಇದ್ದ ಕಡೆ ಬಣ್ಣ ಉಬ್ಬಿಕೊಂಡಿತ್ತು.

"ನಮ್ಮಣ್ಣ ಕಾರ್ಖಾನೆಯಿಂದ ತಂದು ಬಳಿದ್ಕೊಟ್ಟ ಅಕ್ಕಾ" ಎಂದಳು ನಾದಿನಿ. "ಹಳೇದಾಗಿತ್ತಲ್ಲ. ಈಗ ಹೊಸದು ಥರ ಇಲ್ವಾ?"

"ಚೆನ್ನಾಗಿದೆ" ಎಂದೆ. ನನ್ನ ಬಾಯಿಂದ ಬಂದ ಮಾತು ಅದು. ಇವತ್ತಿಗೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಒಳಗೆ ಐದು ತಿಂಗಳ ಹೆಣ್ಣುಕೂಸು ಮಲಗಿತ್ತು. ಸಣಕಲು. ಉಸಿರು ಬಿಡುವಾಗ ಎದೆಯ ಗೂಡು ಕಾಣುತ್ತಿತ್ತು. ಮಗು ಮಲಗಿರುವ ತೊಟ್ಟಿಲನ್ನು ಕೇಳುವುದು ಮಗುವನ್ನು ಎದ್ದು ಹೋಗು ಎಂದ ಹಾಗೆ. ಯಾರೂ ಕೇಳುವುದಿಲ್ಲ. ಅದು ಎಚ್ಚರವಾದರೆ, ತಾಯಿ ಎತ್ತಿಕೊಂಡರೆ, ಆಗ ಮೆಲ್ಲಗೆ ಹೇಳೋಣ ಎಂದು ಕಾದೆ. ಬಿಸಿಲು ಗೋಡೆ ಏರಿತು. ಕೂಸು ಏಳಲೇ ಇಲ್ಲ. ನಾನು ಎದ್ದು ಬಂದೆ.

ದಾರಿಯಲ್ಲಿ ಪಕ್ಕದವಳು ನನ್ನ ಹೊಟ್ಟೆ ನೋಡಿ, ಮುಖ ನೋಡಿ, ನಡುರಸ್ತೆಯಲ್ಲೇ ನಿಂತಳು.

"ತೊಟ್ಟಿಲು ಕೇಳೋಕೆ ಬಂದ್ರಾ ಅಕ್ಕಾ? ಬಾಯಿ ಇಲ್ವಾ ನಿಮ್ಗೆ?"

"ನೀನಾದ್ರೂ ಕೇಳಬಹುದಿತ್ತಲ್ಲ."

"ಮಗು ಮಲ್ಗಿರೋದನ್ನ ನಾನ್ ಹೆಂಗೆ ಕೇಳ್ಲಿ? ನನ್ ಅಣ್ಣನ್ ಮಗು ಆಗಿದ್ರೆ ಬೇರೆ. ನಾದಿನಿ ಮಗು! ಆಮೇಲೆ ಒಂದು ಜ್ವರ ಬಂದ್ರೂ ನನ್ ತಲೆಗೇ ಕಟ್ತಾರೆ."

ಇಬ್ಬರೂ ಮುಖ ಊದಿಸಿಕೊಂಡು ಕೆರೆಯವರೆಗೂ ನಡೆದೆವು.

ನಿಮ್ಮಪ್ಪ ಹುಟ್ಟಿದ. ನನ್ನ ಅತ್ತೆ ಬಂದು ಬಾಣಂತನ ಮಾಡಿದರು. ನಾಮಕರಣದ ದಿನ ಜಂತೆಗೆ ಹಗ್ಗ ಕಟ್ಟಿ, ನನ್ನ ಮದುವೆ ಸೀರೆಯನ್ನು ಜೋಲಿ ಮಾಡಿದರು. ಅಮ್ಮ ಬೆಳಗಿನ ರೈಲಿಗೆ ಬಂದು, ಗಂಟು ಇಳಿಸದೆ ನಡುಮನೆಯನ್ನೆಲ್ಲ ಒಂದು ಸುತ್ತು ನೋಡಿದರು.

"ತೊಟ್ಟಿಲು ಎಲ್ಲೇ?"

"ಕೊಟ್ಟಿದೀನಮ್ಮ."

"ಯಾರಿಗೆ? ಬಾಣಂತಿ ಮನೇಲಿ ಮಗು ಇರೋವಾಗ ಇಸ್ಕೊಂಡ್ಹೋದೋರು ಯಾರು?"

ಬಾಗಿಲಲ್ಲಿ ಪಕ್ಕದವಳು ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದಳು. ತಡೆಯಲಾಗಲಿಲ್ಲ ಅವಳಿಗೆ. "ನಾನ್ ವಾಪಸ್ ತಂದೆ ಅಮ್ಮಾ. ಬಾಗ್ಲಿಗೇ ತಂದೆ. ನಿಮ್ಮ ಮಗಳೇ ಬೇಡ ಅಂದ್ರು."

ಹೇಳಿದ್ದು ನಿಜ, ಸುಳ್ಳು ಎನ್ನುವಂತಿಲ್ಲ. ಅಮ್ಮ ನನ್ನ ಕಡೆ ನೋಡಿದರು. ಅಷ್ಟು ಜನರ ಮುಂದೆ ನಾನು ಏನು ಬಿಡಿಸಿ ಹೇಳಲಿ? ಅಪ್ಪನ ತೊಟ್ಟಿಲು ಮಗಳಿಗೇ ಬೇಡವಾಯಿತು ಎಂದು ಅವರ ಮುಖದಲ್ಲಿ ಮೂಡಿದ್ದನ್ನು ನಾನು ಕಂಡೆ. ಹೆಸರಿಡುವಷ್ಟು ಹೊತ್ತೂ ಅವರು ಅಡುಗೆಮನೆಯ ಮೂಲೆಯಲ್ಲೇ ನಿಂತಿದ್ದರು. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಎಲ್ಲರೂ ಉಂಡು ಹೋದ ಮೇಲೆ ಹೇಳಿದೆ. ಆಗ ನನಗೆ ಮೂರು ತಿಂಗಳು, ಖಾಲಿ ತೊಟ್ಟಿಲು ಒಳಗೆ ತರಬಾರದಲ್ಲ, ಅದಕ್ಕೆ ಎಂದೆ.

ಅಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಹುಚ್ಚಿ! ಗುಂಡುಕಲ್ಲು ಇಟ್ಟು ಒಳಗೆ ತಂದ್ಕೊಂಡಿದ್ರೆ ಆಗ್ತಿತ್ತಲ್ಲೇ. ಕಲ್ಲು ಮಲಗಿದ್ರೆ ಅದು ಖಾಲಿ ಹೆಂಗಾಗುತ್ತೆ? ನಮ್ಮೂರಲ್ಲಿ ಎಲ್ರೂ ಮಾಡೋದು ಹಂಗೇ."

ನನಗೆ ಅದು ಗೊತ್ತಿರಲಿಲ್ಲ. ಮಾಡಬಾರದ್ದನ್ನೆಲ್ಲ ಎಲ್ಲರೂ ಹೇಳಿಕೊಟ್ಟಿದ್ದರು, ಈ ಒಂದು ಉಪಾಯವನ್ನು ಯಾರೂ ಹೇಳಿರಲಿಲ್ಲ. ಒಂದು ಅರೆಯುವ ಕಲ್ಲು! ಅದು ಅವತ್ತು ಒಲೆಯ ಪಕ್ಕದಲ್ಲೇ ಬಿದ್ದಿತ್ತು.

"ನಾಳೆ ಹೋಗಿ ಇಸ್ಕೊಂಡ್ಬರ್ಲಾ?" ಎಂದರು ನಿಮ್ಮ ತಾತ, ಆಗ.

"ಬೇಡಪ್ಪ. ಯಾರದೋ ಕೂಸು ಮಲಗಿದೆ" ಎಂದರು ಅಮ್ಮ. ಮೂರು ದಿನ ಇರಲು ಬಂದವರು ಮರುದಿನವೇ ಹೊರಟರು. ಮುಂದಿನ ಸಂಕ್ರಾಂತಿಗೆ ಮೊದಲೇ ಅವರೂ ತೀರಿಕೊಂಡರು.

ತೊಟ್ಟಿಲು ಬಂದದ್ದು ಅದಾದ ಮೇಲೆ, ಮರ್ಫಿ ಟೌನಿನ ಕೂಸು ನಡೆಯತೊಡಗಿದಾಗ; ಪಕ್ಕದವಳೇ ಗಂಡನ ಕೈಲಿ ಹೊರಿಸಿಕೊಂಡು ಬಂದಳು. ನಿಮ್ಮಪ್ಪ ಆಗ ಗೋಡೆ ಹಿಡಿದು ನಡೆಯುತ್ತಿದ್ದ. ಎತ್ತಿ ಒಳಗೆ ಕೂರಿಸಿದರೆ ಅರಚಿ ಕಾಲು ಝಾಡಿಸಿದ. ನಾನು ಅವನನ್ನು ಕೆಳಗಿಳಿಸಿ, ಗುಂಡುಕಲ್ಲು ತಂದು ಅದರೊಳಗೆ ಮಲಗಿಸಿ, ಮೇಲೊಂದು ಹಳೇ ಸೀರೆಯ ಚೂರು ಹೊದೆಸಿದೆ. ತಿಂಗಳು ತುಂಬುವುದರೊಳಗೆ ಮೂಲೆ ಮನೆಯವಳು ಬಂದಳು, ತಂಗಿಗೆ ಗಂಡುಮಗುವಾಗಿದೆ, ತೊಟ್ಟಿಲು ಬೇಕಿತ್ತು ಎಂದು.

"ಮಗು ಮಲಗಿದೆ" ಎಂದೆ.

"ನಿಮ್ಮ ಮಗ ನಲ್ಲಿ ಹತ್ರ ನೀರಾಡ್ತಾ ಇದಾನಲ್ರೀ!" ಎಂದು ಅವಳು ಬಗ್ಗಿ ಬಟ್ಟೆ ಸರಿಸಿ ನೋಡಿದಳು. ಕಲ್ಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮೆಲ್ಲಗೆ ಬಟ್ಟೆ ಮೊದಲಿನಂತೆ ಹೊದೆಸಿ ಹೋದಳು. ನನಗೆ ತಲೆ ಕೆಟ್ಟಿದೆ ಎಂದು ಸಂಜೆಯೊಳಗೆ ವಠಾರವೆಲ್ಲ ಸುದ್ದಿಯಾಯಿತು. ಕೆಡಲಿ ಬಿಡಿ. ಅಮ್ಮ ಇದ್ದಾಗಲೇ ಕೆಟ್ಟಿದ್ದರೆ ಒಳ್ಳೆಯದಿತ್ತು.