ಅರಿವಳಿಕೆಗೆ ಮುಂಚಿನ ಒಂದು ಪ್ರಶ್ನೆ

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಮಕ್ಕಳಿಗೆ ಅರಿವಳಿಕೆ ಕೊಡುವ ವೈದ್ಯರೆಂದರೆ ಮೊದಲು ನೆನಪಾಗುವುದು ಡಾ. ತಸ್ಲೀಮಾ ಅವರ ಹೆಸರು. ಶಹಾಪುರದ ನಮ್ಮ ಆಸ್ಪತ್ರೆಯಲ್ಲಿ ಹುಳುಕು ಹಲ್ಲಿನ ಮಕ್ಕಳನ್ನು ನಾನು ಹೆದರದೆ ಮುಟ್ಟಿದ್ದು, ಅವರ ಉಸಿರಿನ ಮೇಲೆ ಮೇಡಂ ಅವರ ಕಣ್ಣಿದೆಯೆಂಬ ಧೈರ್ಯದಿಂದಲೇ.

ನಾನು ದಂತವೈದ್ಯನಾಗಿ ಇಲ್ಲಿಗೆ ಸೇರಿದ ಹೊಸತರ ಒಂದು ಬೆಳಗನ್ನು ನಾನಿನ್ನೂ ಮರೆತಿಲ್ಲ. ದೋರನಹಳ್ಳಿಯ ಕುರಿಗಾರರ ಮನೆಯ ಪುಟ್ಟ ಸೌಭಾಗ್ಯಳ ಹಲ್ಲು ಕೀಳಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಕರೆತರಲು ಹೇಳಿದ್ದೆವು. ಏನೂ ಕೊಟ್ಟಿಲ್ಲವೆಂದು ತಾಯಿ ಆಣೆಯಿಟ್ಟು ಹೇಳಿದಳು. ಸೂಜಿ ಸಿದ್ಧವಾಗಿತ್ತು. ಮೇಡಂ ಮಾತ್ರ ಮಗುವಿನ ಜೊತೆ ಬಂದಿದ್ದ ಅಜ್ಜಿ ಅಂಬವ್ವನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: "ಯವ್ವಾ, ಊರ ಅಗಸಿ ಬಾಗಿಲಾ ದಾಟೂಮುಂದ ಕೂಸಿನ ಬಾಯಾಗ ಏನ್ ಹಾಕಿದ್ರಿ?"

"ಒಂದೀಟು ಹಾಲು-ರೊಟ್ಟಿ ರೀ. ಹಸದ ಹೊಟ್ಟಿಲೆ ಕೂಸಿಗಿ ಅಗಸಿ ದಾಟಸ್ತಾರೇನ್ರಿ? ಇಕಿ ಅವ್ವಗ ಗೊತ್ತಿಲ್ರಿ."

ಮೇಡಂ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ನೋವಿನಿಂದ ನರಳುವ ಮಗುವನ್ನು ವಾಪಸ್ ಕಳಿಸುವುದೇ ಎಂದು ನಾನು ರೇಗಿದೆ. "ಹಲ್ಲು ನಾಳೆನೂ ಕೀಳಬಹುದ್ರಿ ಡಾಕ್ಟರ್. ಕೂಸು ಇರಬೇಕಲ್ಲ?" ಎಂದರು. ಅಷ್ಟರಲ್ಲಿ ಮಗು ನನ್ನ ಕಾಲ ಬಳಿಯೇ ವಾಂತಿ ಮಾಡಿತು. ರೊಟ್ಟಿಯ ಚೂರುಗಳು! ಮತ್ತಿನಲ್ಲಿದ್ದಾಗ ಅವು ಶ್ವಾಸನಾಳಕ್ಕೆ ಇಳಿದಿದ್ದರೆ?

ಅಜ್ಜಿಯನ್ನು ಅವರು ಗದರಲಿಲ್ಲ. ನೋವಿಗೆ ಔಷಧ ಕೊಟ್ಟು, ಮುಂದಿನ ಸಲ ಹಿಂದಿನ ದಿನವೇ ಕೂಸಿಗೆ ಉಣಿಸಿಕೊಂಡು ಅಗಸಿ ದಾಟಿ ಬರಹೇಳಿ, ಆ ರಾತ್ರಿ ತಂಗಲು ಮೂವರಿಗೂ ವಾರ್ಡಿನಲ್ಲಿ ಜಾಗ ಕೊಡಿಸಿದರು. ಪದ್ಧತಿಯೂ ಉಳಿಯಿತು, ಕೂಸೂ ಉಳಿಯಿತು. ಗೋಗಿಯಿಂದ ಬರಲಿ, ಕಕ್ಕೇರಾದಿಂದ ಬರಲಿ, ಮಕ್ಕಳಿಗೆ ನಮ್ಮಲ್ಲಿ ಅಂದಿನಿಂದ ಅದೇ ಕ್ರಮ.

ಮೊನ್ನೆ ಮೇಡಂ ಅವರ ನಿವೃತ್ತಿಯ ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಆಡಳಿತದವರೊಬ್ಬರು ನನ್ನನ್ನು ಕರೆದು, "ಹೊಸಬರು ಬರೋತನ ಮತ್ತಿನ ಔಷಧ ನೀವೇ ಕೊಡ್ರಲ್ಲ, ಸಣ್ಣ ಮಕ್ಕಳಿಗಿ ಎಷ್ಟು ಬೇಕಾಗ್ತದ?" ಎಂದರು. ಇಷ್ಟು ವರ್ಷ ಮೇಡಂ ಮಾಡಿದ್ದು ಏನೆಂದು ಇವರು ತಿಳಿದಿದ್ದರು? ಅರಿವಳಿಕೆ ತಜ್ಞರು ಬರುವವರೆಗೆ ಮಕ್ಕಳಿಗೆ ಮತ್ತಿನ ಔಷಧ ಕೊಟ್ಟು ಒಂದು ಹಲ್ಲನ್ನೂ ಮುಟ್ಟುವುದಿಲ್ಲವೆಂದು ಮುಖಕ್ಕೇ ಹೇಳಿ ಬಂದೆ.

ಮೇಡಂ, ತಾವು ನೂರು ಕಾಲ ಆರೋಗ್ಯದಿಂದ ಬಾಳಬೇಕು. ಸುಖವಾಗಿ ವಿಶ್ರಮಿಸಿರಿ ಎನ್ನಲು ಮಾತ್ರ ನನಗಿನ್ನೂ ಬಾಯಿ ಬರುತ್ತಿಲ್ಲ. ಹೊರಗೆ ಮಕ್ಕಳು ಕೆನ್ನೆ ಹಿಡಿದು ಕುಳಿತಿದ್ದಾರೆ, ವಾರಕ್ಕೊಮ್ಮೆಯಾದರೂ ಬನ್ನಿ.