ಸಮುದ್ರದ ಮುಂದೆ ಬಾಡಿಗೆಗೆ ಹಿಡಿದ ಮನೆ

ಮೊನ್ನೆ ಕೊಳ್ಳೇಗಾಲದ ಸಂತೆಯಲ್ಲಿ ಒಣಮೀನಿನ ಸಾಲು ದಾಟಿ ಹೋಗಬೇಕಾಯಿತು. ನಮ್ಮ ಜನ ಆ ಸಾಲು ಬಂದ ಕೂಡಲೇ ಟವಲಿನಿಂದ ಮೂಗು ಮುಚ್ಚಿಕೊಂಡು ಆಚೆ ಬದಿ ಸೇರುತ್ತಾರೆ. ನಾನೂ ಜೀವಮಾನವೆಲ್ಲ ಹಾಗೇ ಮಾಡಿದವನು. ಮೊನ್ನೆ ಮಾತ್ರ ಕಾಲು ನಿಂತುಬಿಟ್ಟಿತು. ಗೋಣಿಯ ಮೇಲೆ ಹರಡಿದ್ದ ಮೀನಿನಿಂದ ಉಪ್ಪು, ಬಿಸಿಲು, ಹಸಿ ಮರಳು ಎಲ್ಲ ಬೆರೆತಂಥ ವಾಸನೆ ಬರುತ್ತಿತ್ತು. "ಏನಜ್ಜೋ, ಕಟ್ಲಾ?" ಎಂದು ಮಾರುವವಳು ಕೇಳಿದಳು. ಆಮೇಲೆ ನನ್ನ ಹಣೆಯ ವಿಭೂತಿ ನೋಡಿ ತಾನೇ ನಕ್ಕಳು. ನಾನು ನಗಲಿಲ್ಲ. ಆ ವಾಸನೆಯಲ್ಲಿ ನನ್ನ ಅಕ್ಕ ಇದ್ದಳು, ಭಾವ ಇದ್ದ...

ಭಾವ ಇದ್ದ ಎಂದು ಬರೆದೆ. ಬದುಕಿದ್ದಾಗ ಅವನನ್ನು ನಾನು ಹಾಗೆ ಕರೆದವನಲ್ಲ. ಬನ್ನಿ, ಹೋಗಿ ಎನ್ನುತ್ತಿದ್ದೆ. ಅವನು ಎದ್ದರೆ ನಾನೂ ಎದ್ದು ನಿಲ್ಲುತ್ತಿದ್ದೆ. ಈಗ ಏಕವಚನದಲ್ಲಿ ಬರೆಯುವ ಧೈರ್ಯ ಬಂದಿದೆ. ಅದು ಬರಲು ಅವನು ಸಾಯಬೇಕಾಯಿತು.

ಯುದ್ಧ ಮುಗಿದಿದ್ದ ಕಾಲ. ಬ್ರಿಟಿಷರು ಇನ್ನೂ ಹೋಗಿರಲಿಲ್ಲ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ನಮ್ಮ ಯಳಂದೂರು ಮೈಸೂರಿಗೆ. ನಡುವೆ ಇದ್ದದ್ದು ಒಂದು ಸಣ್ಣ ಬಸ್ಸಿನ ದಾರಿ. ಆದರೆ ಭಾವನಿಗೆ ಅದೇ ದೊಡ್ಡ ಅಂತಸ್ತು. ಅವನದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಅಂಗಡಿ. ಅಕ್ಕನನ್ನು ಆ ಮನೆಗೆ ಕೊಟ್ಟ ಮೇಲೆ ನಾನು ಕೂಲಿಮಠದ ಅಷ್ಟಿಷ್ಟು ಓದು ಇಟ್ಟುಕೊಂಡು ಅದೇ ಅಂಗಡಿಯಲ್ಲಿ ಸೀರೆ ಮಡಿಸಲು ಸೇರಿಕೊಂಡಿದ್ದೆ. ನೆರೆದ ಗಿರಾಕಿಗಳ ಮುಂದೆ ಅವನು ನನ್ನನ್ನು ಕೆಣಕುತ್ತಿದ್ದ.

"ನಿಮ್ ಮೈಸೂರಲ್ಲಿ ಏನದೆಲಾ? ಅರಮನೆ. ಅದೂ ನಿಮ್ದಲ್ಲ. ನಮ್ ಮದ್ರಾಸಲ್ಲಿ ಸಮುದ್ರ ಅದೆ ಕಣ್ಲಾ. ಅದು ಎಲ್ರುದೂವೆ."

ಹಾಗೆ ಹೇಳುವಾಗ ಅವನು ಇನ್ನೂ ಸಮುದ್ರವನ್ನು ಕಣ್ಣಿನಿಂದ ಕಂಡಿರಲಿಲ್ಲ.

ಅದೇ ಬೀದಿಯ ಇನ್ನೊಬ್ಬ ರೇಷ್ಮೆ ವರ್ತಕರು ಒಂದು ಬೇಸಿಗೆ ಮದ್ರಾಸಿನಲ್ಲಿ ಸಮುದ್ರದ ಮುಂದೆ ಮನೆ ಹಿಡಿದು ಇದ್ದು ಬಂದರು. ಬಂದ ಮೇಲೆ ಸಂಜೆ ಜಗಲಿಯಲ್ಲಿ ಬೇರೆ ಮಾತೇ ಇಲ್ಲ. ಗಾಳಿ ಹಾಗಿತ್ತು, ನಿದ್ದೆ ಹೀಗೆ ಬಂತು. ಭಾವ ಕೇಳಿಸಿಕೊಂಡು ಹಲ್ಲು ಕಡಿದ. ಮುಂದಿನ ಬೇಸಿಗೆಗೆ ತಾನೂ ಹಿಡಿದ. ಗಾಳಿ ಬೇಕೆಂದಲ್ಲ, ನಿದ್ದೆ ಬೇಕೆಂದಲ್ಲ, ಜಗಲಿಯಲ್ಲಿ ಹೇಳಿಕೊಳ್ಳಲು ಒಂದು ಮಾತು ಬೇಕೆಂದು.

ಅಕ್ಕ, ಭಾವ, ನಾನು ಹೊರಟೆವು. ಇದ್ದಿಲು ಹಾಕಿ ಓಡಿಸುವ ಬಸ್ಸಿನಲ್ಲಿ ಘಾಟಿ ಇಳಿದು, ಈರೋಡಿನಲ್ಲಿ ರೈಲು ಹತ್ತಿದೆವು. ರಾಗಿ ಹಿಟ್ಟಿನ ಮೂಟೆ, ಹುರುಳಿಕಾಳು, ಹುಣಸೆಹಣ್ಣು, ಒನಕೆಯೊಂದನ್ನು ಬಿಟ್ಟು ಅಡಿಗೆಮನೆ ಪೂರ್ತಿ ನಮ್ಮ ಜೊತೆ ಬಂತು. ಕುಡಿಯುವ ನೀರನ್ನೂ ಭಾವ ಎರಡು ಹಿತ್ತಾಳೆ ಕೊಡದಲ್ಲಿ ಹೊರಿಸಿದ್ದ. ಅದು ಈರೋಡು ಮುಟ್ಟುವ ಮೊದಲೇ ತುಳುಕಿ ಮುಗಿಯಿತು.

ಮನೆ ಅಡಯಾರು ಹೊಳೆಯ ಆಚೆ, ಸರ್ವೆಮರದ ತೋಪಿನ ಪಕ್ಕ. ಕೆಳಗೆ ಮನೆಯ ಒಡತಿ, ತಮಿಳಿನ ಮುದುಕಿ. ಮೇಲಿನ ಮಹಡಿ ನಮ್ಮದು. ಮಹಡಿಯ ಮೊಗಸಾಲೆಗೆ ಬಂದು ನಿಂತರೆ ಮುಂದೆ ಬರೀ ನೀರು. ನೀರು ಅಷ್ಟು ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಭಾವ ಒಂದು ಸಲ ನೋಡಿದ.

"ಏನಿಲ್ಲ ಬುಡ್ಲಾ. ನಮ್ ಭರಚುಕ್ಕಿ ಮುಂದೆ ಇದೇನು? ಇದು ಬೀಳೋದೂ ಇಲ್ಲ, ಓಗೋದೂ ಇಲ್ಲ. ಇದ್ದಲ್ಲೇ ಅದೆ."

ಉಪ್ಪುಗಾಳಿಗೆ ತನ್ನ ಪೇಟದ ಜರಿ ಕಪ್ಪಾಗುತ್ತದೆಂದು ಸಮುದ್ರದ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮುದುಕಿ ಕೆಳಗಿನಿಂದ ಬಂದು, ಕಿಟಕಿಗೇ ಬಾಡಿಗೆ ಕೊಡುವುದಲ್ಲವಾ ಎಂದು ಅವಳ ತಮಿಳಿನಲ್ಲಿ ಕೇಳಿ, ತಲೆ ಚಚ್ಚಿಕೊಂಡು ಹೋದಳು. ಆರಾಮ ಕುರ್ಚಿಯನ್ನು ಮನೆಯ ಹಿಂದಿನ ಚಾವಡಿಗೆ ಹಾಕಿಸಿಕೊಂಡ. ಅಲ್ಲಿಂದ ಕಾಣುವುದು ರಸ್ತೆ. ಕೊಳ್ಳೇಗಾಲದವರು ಯಾರಾದರೂ ಆ ದಾರಿಯಲ್ಲಿ ಬಂದರೆ ತಾನು ಸಮುದ್ರದ ಮನೆಯಲ್ಲಿ ಕೂತಿರುವುದು ಕಾಣಲಿ ಎಂದು ದಿನವೂ ಪೇಟ ಸುತ್ತಿಕೊಂಡು ಕೂರುತ್ತಿದ್ದ. ಯಾರು ಬರುತ್ತಾರೆ? ಎಮ್ಮೆ ಬರುತ್ತಿತ್ತು. ಜಟಕಾದಲ್ಲಿ ಕೂತು ಊರು ನೋಡಲು ಹೋದಾಗಲೂ ಹಾಗೇ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ಹತ್ತಿರ ಇಳಿದು, ಇದನ್ನು ಹತ್ತಬೇಕಾ ಎಂದು ಕೇಳಿ, ಹೌದೆಂದಾಗ ಜಟಕಾ ತಿರುಗಿಸಿದ. ಸತ್ತ ಪ್ರಾಣಿಗಳನ್ನು ಇಟ್ಟಿರುವ ಮ್ಯೂಸಿಯಂ ನೋಡಿ, "ಸತ್ತುದ್ ನೋಡಕೆ ಇಲ್ಗಂಟ ಬರ್ಬೇಕಾ?" ಎಂದ. ಆದರೂ ನೋಡಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಿದ್ದ, ಜಗಲಿಗೆ.

ಅಕ್ಕನದು ಒಂದೇ ಆಸೆ. ಆ ನೀರಿಗೆ ಇಳಿಯಬೇಕು. ಯಳಂದೂರಿನಲ್ಲಿ ಸುವರ್ಣಾವತಿ ಹೊಳೆ ತುಂಬಿ ಬಂದಾಗ ಗಂಡುಹುಡುಗರು ಹೆದರಿ ದಡದಲ್ಲಿ ನಿಂತಿದ್ದರೆ ಅಕ್ಕ ಆಚೆ ದಡ ಮುಟ್ಟಿ ಬರುತ್ತಿದ್ದಳು. ಮದುವೆಯಾದ ಮೇಲೆ ಅವಳು ನೀರು ನೋಡಿದ್ದು ಬಚ್ಚಲಲ್ಲಿ. ದಿನವೂ ಭಾವನನ್ನು ಕೇಳಿದಳು. ದಿನವೂ ಅವನು ಎದೆ ಮುಟ್ಟಿ ತೋರಿಸಿದ. "ಇದು ಓಯ್ತದೆ."

ಇದು ಎಂದರೆ ಲಿಂಗ. ನಮ್ಮವರು ಹುಟ್ಟಿದ ಮೇಲೆ ಕಟ್ಟಿಸಿಕೊಂಡ ಇಷ್ಟಲಿಂಗವನ್ನು ಸಾಯುವವರೆಗೆ ಮೈಯಿಂದ ಬೇರೆ ಮಾಡುವುದಿಲ್ಲ. ಅದು ಕಳೆದರೆ, ಗುರುಗಳು ಇನ್ನೊಂದು ಕಟ್ಟುವವರೆಗೆ ತೊಟ್ಟು ನೀರೂ ಮುಟ್ಟಬಾರದು. ಅಕ್ಕನ ಲಿಂಗಕ್ಕೆ ಮದುವೆಯಲ್ಲಿ ಭಾವನ ಮನೆಯವರು ಬೆಳ್ಳಿ ಕರಡಿಗೆ ಮಾಡಿಸಿ ಹಾಕಿದ್ದರು. ಅವನ ಚಿಂತೆ ಒಳಗಿನ ಲಿಂಗದ್ದಲ್ಲ, ಹೊರಗಿನ ಬೆಳ್ಳಿಯದು. ಅದು ನನಗೆ ಆಗಲೇ ಗೊತ್ತಿತ್ತು.

ಕೊನೆಗೆ ಒಂದು ದಿನ ಸೀರೆ ವ್ಯಾಪಾರದ ಮೇಲೆ ಪೇಟೆಗೆ ಹೊರಟವನು ಮೆಟ್ಟಿಲ ಮೇಲೆ ನಿಂತು ಹೇಳಿದ. "ಇಳಿಯದಾದ್ರೆ ಇಳ್ಕೊ. ಕರಡಿಗೆ ಮಾತ್ರ ತಮ್ಮನ ಕೈಲಿ ಕೊಟ್ಟು ಇಳಿ. ಅವ್ನು ಕತ್ತಿಗಾಕಂಡು ದಡದಲ್ಲಿ ಕೂತಿರ್ಲಿ."

ಅಕ್ಕ ಅವನು ಹೇಳಿದಂತೆಯೇ ಮಾಡಿದಳು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ದಡದಲ್ಲಿ ನಿಂತು ಶಿವದಾರ ಬಿಚ್ಚಿ, ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು, ತಾನೇ ನನ್ನ ಕತ್ತಿಗೆ ಹಾಕಿದಳು.

"ನಿನ್ನ ನಂಬಿ ಇಳೀತಾವ್ನಿ ಕಣಪ್ಪ. ಎಲ್ಗೂ ಓಗ್‌ಬ್ಯಾಡ."

ಇಳಿದಳು. ಮೊದಲನೇ ಅಲೆ ಅವಳನ್ನು ಕೂರಿಸಿಬಿಟ್ಟಿತು. ಎದ್ದು ನಕ್ಕಳು. ಎರಡನೆಯದಕ್ಕೆ ಬೆನ್ನು ಕೊಟ್ಟಳು. ಆಮೇಲೆ ಅದರ ಲೆಕ್ಕ ಹಿಡಿದುಬಿಟ್ಟಳು... ಅಲೆ ಎದ್ದಾಗ ಏಳುವುದು, ಅದು ಇಳಿದಾಗ ಇಳಿಯುವುದು. ಬಾಯಿಗೆ ಬಂದ ಉಪ್ಪುನೀರು ಉಗಿದು, "ಲೋ, ಇದು ಸಾರಿಗಿಂತ ಉಪ್ಪು ಕಣ್ಲಾ!" ಎಂದು ಕೂಗಿದಳು. ಭಾವನ ಮನೆಗೆ ಹೋದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ಬೆಸ್ತರು ಬಲೆ ಎಳೆಯಲು ಶುರುಮಾಡಿದರು. ಹಗ್ಗದ ಎರಡು ಸಾಲು, ಹಾಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದರು. ಒಬ್ಬ ನನ್ನನ್ನು ಕೈಬೀಸಿ ಕರೆದ. ಸುಮ್ಮನೆ ಕೂತ ಗಟ್ಟಿ ಆಳು ಕಂಡರೆ ಯಾರಾದರೂ ಕರೆಯುತ್ತಾರೆ. ನನಗೂ ನೋಡುವ ಚಪಲ. ಆದರೆ ಕತ್ತಿನಲ್ಲಿ ಎರಡು ಲಿಂಗ. ಮೀನಿನ ಬಲೆ ಮುಟ್ಟುವ ಕಡೆಗೆ ಅಕ್ಕನ ಲಿಂಗ ಕೊಂಡೊಯ್ಯಬಾರದು, ಮೈಲಿಗೆ ಎಂದು ನನ್ನ ದೊಡ್ಡ ಬುದ್ಧಿಗೆ ಹೊಳೆಯಿತು. ನನ್ನದು ಹೇಗೂ ನನ್ನ ಪಾಪ. ಅಕ್ಕನದನ್ನು ತೆಗೆದು, ಶಲ್ಯದಲ್ಲಿ ಸುತ್ತಿ, ಒಣ ಮರಳಿನ ಮೇಲೆ ಮಡಿಯಾಗಿ ಇಟ್ಟೆ. ನೀರಿನಿಂದ ಎಷ್ಟೋ ದೂರ. ಹೊಳೆ ದಂಡೆಯ ನಮಗೆ ನೀರು ಏರುವುದೆಂದರೆ ಮಳೆ ಬಂದು, ಕೆಂಪಾಗಿ, ಸದ್ದು ಮಾಡಿಕೊಂಡು ಏರಬೇಕು. ಬಿಸಿಲಿನಲ್ಲಿ, ಸುಮ್ಮಸುಮ್ಮನೆ, ದಡ ತಿನ್ನುತ್ತ ಏರುವ ನೀರು ಉಂಟೆಂದು ನಮಗೆ ತಿಳಿದಿರಲಿಲ್ಲ.

ಬಲೆ ಬಂತು. ಬೆಳ್ಳಿಯ ಹಾಗೆ ಹೊಳೆಯುತ್ತ ಒದ್ದಾಡುವ ಮೀನು. ಬಾಯಿ ಬಿಟ್ಟುಕೊಂಡು ನಿಂತಿದ್ದೆ. ತಿರುಗಿ ನೋಡಿದಾಗ ನಾನು ಶಲ್ಯ ಇಟ್ಟ ಜಾಗದಲ್ಲಿ ನೊರೆ ಇತ್ತು.

ಶಲ್ಯ ಸಿಕ್ಕಿತು, ಅಷ್ಟು ದೂರದಲ್ಲಿ, ಬಿಚ್ಚಿಹೋಗಿ. ಕರಡಿಗೆ ಸಿಗಲಿಲ್ಲ. ಅಕ್ಕ ಒದ್ದೆ ಸೀರೆಯಲ್ಲಿ ಮರಳು ಕೆದಕಿದಳು. ಬೆಸ್ತರ ಹೆಂಗಸರೂ ಕೆದಕಿದರು. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನಿಮ್ಮ ಬಾವಂಗೆ ಇದ್ದುದ್ ಇದ್ದಂಗೆ ಏಳ್ಬುಡು. ಬೈಸ್ಕೊ. ನಾಕ್ ದಿನ ಕೂಗಾಡಿ ಸುಮ್ನಾಯ್ತರೆ" ಎಂದಳು.

ನನಗೆ ಅದು ನಾಲ್ಕು ದಿನದ ಕೂಗಾಟವಾಗಿರಲಿಲ್ಲ. ಹನೂರಿನಲ್ಲಿ ಹೊಸ ಅಂಗಡಿ ತೆರೆದು ನನ್ನನ್ನು ಕೂರಿಸುವುದಾಗಿ ಭಾವ ಮಾತು ಕೊಟ್ಟಿದ್ದ. ಅದನ್ನೇ ನಂಬಿಕೊಂಡು ನಾನು ಹೆಣ್ಣು ನೋಡಿ ಬಂದಿದ್ದೆ.

ಸಂಜೆ ಭಾವ ಬಂದ. ಅಕ್ಕನ ಎದೆಯ ಮೇಲೆ ಕರಡಿಗೆ ಇಲ್ಲದ್ದು ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಡೆ ತಿರುಗಿದ.

"ಲೇ, ನಿನ್ ಕೈಲಿ ಕೊಡ್ನಿಲ್ವಾ ಇವ್ಳು?"

"ಇಲ್ಲ ಬಾವ," ಅಂದೆ.

ಅಷ್ಟೇ. ಅಕ್ಕ ನನ್ನನ್ನು ನೋಡಿದಳು. ಅವಳು ಸುಳ್ಳು ಎನ್ನಬಹುದಿತ್ತು. ಅನ್ನಲಿಲ್ಲ. ಇನ್ನೊಂದು ಗಳಿಗೆಗೆ ತಮ್ಮ ತಾನೇ ಹೇಳುತ್ತಾನೆ ಎಂದು ಕಾಯುತ್ತಿದ್ದಳೇನೋ... ಆ ಗಳಿಗೆ ಬಂದು ಹೋಯಿತು.

ಮಾರನೆಯ ದಿನವೇ ಹೊರಟೆವು. ಅಕ್ಕ ಒಂದು ಗುಟುಕು ನೀರು ಕುಡಿಯಲಿಲ್ಲ. ಮದ್ರಾಸಿನಲ್ಲೂ ನಮ್ಮವರು ಇದ್ದರು, ಗುರುಗಳು ಸಿಗುತ್ತಿದ್ದರು. ಕೇಳಿದರೆ ಮರ್ಯಾದೆ ಹೋಗುತ್ತದೆಂದು ಭಾವ ಕೇಳಲಿಲ್ಲ. ಹೆಂಡತಿಯ ನಾಲಿಗೆ ಒಣಗಿದರೆ ಮರ್ಯಾದೆ ಹೋಗುವುದಿಲ್ಲವಲ್ಲ. ರೈಲಿನಲ್ಲಿ ಅವಳ ಎದುರಿಗೇ ಬುತ್ತಿ ಬಿಚ್ಚಿ ರೊಟ್ಟಿ ತಿಂದ. ನಾನೂ ತಿಂದೆ.

ಕೊಳ್ಳೇಗಾಲದಲ್ಲಿ ಇಳಿದ ಭಾವ ಅವಳನ್ನು ಮನೆಗೆ ಕರೆಯಲಿಲ್ಲ. "ನಿಮ್ಮೂರಿಗೆ ಕರ್ಕಂಡೋಗಿ ಐನೋರತ್ರ ಲಿಂಗ ಕಟ್ಸು. ಆಮೇಕೆ ನೋಡನ" ಎಂದು ನನಗೆ ಹೇಳಿದ. ಯಳಂದೂರಿನ ಐನೋರು ಬೆಳಿಗ್ಗೆಯೇ ಬಂದು ಲಿಂಗ ಕಟ್ಟಿ, "ನೀರು ಕುಡಿ ಮಗಳೇ, ಇದೇನು ದೊಡ್ಡ ತಪ್ಪಲ್ಲ" ಎಂದರು. ಭಾವನಿಗೆ ಅದು ದೊಡ್ಡದಾಗಬೇಕಿತ್ತು. ಮಕ್ಕಳಾಗಿರಲಿಲ್ಲ, ಅವನ ತಾಯಿ ಇನ್ನೊಂದು ಹೆಣ್ಣು ಹುಡುಕುತ್ತಿದ್ದರು. ಗಂಡನ ಮಾತು ಮೀರಿ ಲಿಂಗ ನೀರುಪಾಲು ಮಾಡಿದವಳು ಎಂಬ ಒಂದು ಮಾತು ಅವರಿಗೆ ಸಾಕಾಯಿತು. ಆ ಮಾತನ್ನು ನಾನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ಅಕ್ಕನನ್ನು ಮತ್ತೆ ಕರೆಸಲೇ ಇಲ್ಲ. ಎರಡನೆಯ ಮದುವೆಯಾಯಿತು. ಅದರ ಸೀರೆಗಳನ್ನು ಮಡಿಸಿದ್ದು ನಾನು. ಜಗಲಿಯಲ್ಲಿ ಭಾವ ಸಮುದ್ರದ ವರ್ಣನೆ ಮಾಡುತ್ತಿದ್ದ, ಅಲೆ ತೆಂಗಿನಮರದಷ್ಟು ಎತ್ತರವಂತೆ. ಮೊಣಕಾಲೂ ನೆನೆಸದವನು! ನಾನು ಪಕ್ಕದಲ್ಲಿ ನಿಂತು ಹೌದೆನ್ನುತ್ತಿದ್ದೆ.

ಹನೂರಿನ ಅಂಗಡಿ ನನಗೆ ಸಿಕ್ಕಿತು.

ಅಲ್ಲಿಂದ ಯಳಂದೂರಿಗೆ ಹೋದಾಗಲೆಲ್ಲ ಅಕ್ಕ ಊಟಕ್ಕೆ ಎಲೆ ಹಾಕುತ್ತಿದ್ದಳು. ನಮ್ಮ ತಾಯಿ ತೀರಿಕೊಂಡ ವರ್ಷ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಗಂಟಲು ಸರಿಮಾಡಿಕೊಂಡು "ಅಕ್ಕ, ಆವತ್ತು ಬಾವ ಕೇಳ್ದಾಗ..." ಎಂದು ಶುರುಮಾಡಿದೆ. ಅವಳು ಸೌಟು ಕೆಳಗಿಡಲಿಲ್ಲ.

"ಅದ ನಂಗ್ಯಾಕ್ ಏಳೀಯೆ? ನಂಗೊತ್ತಿಲ್ವಾ? ಅವ್ರಿಗೇಳು ಓಗು. ಇನ್ನೂ ಬದ್ಕವ್ರಲ್ಲ."

ಭಾವ ಬದುಕಿದ್ದ. ಕೊಳ್ಳೇಗಾಲಕ್ಕೆ ಬಸ್ಸಿತ್ತು. ನಾನು ಉಂಡು, ಕೈ ತೊಳೆದು, ಹನೂರಿಗೆ ಹೋಗಿ ಅಂಗಡಿ ಬಾಗಿಲು ತೆಗೆದೆ. ಅದಾದ ಮೇಲೆ ಅಕ್ಕ ಎಷ್ಟೋ ವರ್ಷ ಬದುಕಿದಳು. ಮಣ್ಣು ಮಾಡುವಾಗ ಭಾವನ ಕಡೆಯಿಂದ ಒಬ್ಬರೂ ಬರಲಿಲ್ಲ. ಗಂಡನ ಮಾತು ಮೀರಿದವಳು ಎಂದೇ ಅವಳು ಹೋದಳು.

ಈಗ ಭಾವನೂ ಇಲ್ಲ, ಅವನ ತಾಯಿ ಇಲ್ಲ, ಜಗಲಿಯಲ್ಲಿ ಕೂತು ಕೇಳಿದವರಲ್ಲಿ ಒಬ್ಬರೂ ಇಲ್ಲ. ಅಂಗಡಿ ನನ್ನ ಮಕ್ಕಳ ಹೆಸರಿನಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆದ್ದರಿಂದ ಹೇಳುತ್ತಿದ್ದೇನೆ: ಅಕ್ಕ ಗಂಡನ ಮಾತು ಮೀರಲಿಲ್ಲ. ಕರಡಿಗೆಯನ್ನು ನನ್ನ ಕೈಗೇ ಕೊಟ್ಟಿದ್ದಳು. ಕಳೆದವನು ನಾನು. ಇದನ್ನು ಹೇಳಿದ್ದರಿಂದ ಇನ್ನು ಯಾರಿಗೂ ಏನೂ ಆಗುವುದಿಲ್ಲ, ನನಗೂ ಆಗುವುದಿಲ್ಲ, ಅವಳಿಗೂ ಆಗುವುದಿಲ್ಲ. ಏನೂ ಆಗದು ಎಂದು ಖಾತ್ರಿಯಾದ ಮೇಲೆಯೇ ನನಗೆ ಬಾಯಿ ಬಂದದ್ದು.