ಎರಡು ದಾರದ ಪಟಿಕ

ಕಂಕುಳಿಗೆ ಹಚ್ಚುವ ರೋಲ್‌ಆನ್ ವಾಸನೆಯಿಲ್ಲದ್ದೇ ಬೇಕೆಂದು ಅಂಗಡಿಯಲ್ಲಿ ನಾನು ಹಟ ಹಿಡಿದಾಗ ಮೊಮ್ಮಕ್ಕಳು ನೀವಿಬ್ಬರೂ ನಕ್ಕಿರಿ. ಕಾರಣ ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ. ನಾವು ಇದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿ, ಮದುವೆಯಾಗಿ ಬಂದಿದ್ದ ನಾನು ಆಸೆಪಟ್ಟು ಹೊಲಿಗೆ ಕ್ಲಾಸಿಗೆ ಸೇರಿದ್ದೆ. ಅಳತೆ ತೋರಿಸಲು ಮೇಡಂ ನನ್ನ ಕೈ ಎತ್ತಿಸಿದರು. ಹಸಿರು ರವಿಕೆಯ ಕಂಕುಳಲ್ಲಿ ರೊಟ್ಟಿಯಗಲ ಬೆವರು.

"ಏನಮ್ಮಾ, ಕೆರೆ ಕಟ್ಟಿಸ್ಕೊಂಡೇ ಬಂದಿದೀಯಲ್ಲ!"

ಎಲ್ಲರೂ ನಕ್ಕರು. ಮರುದಿನ ಘಮಘಮ ಪೌಡರು ಸುರಿದುಕೊಂಡೆ. ನಿಮ್ಮ ತಾತ ಏಳು ಸಲ ಸೀನಿ, "ಯಾವ ಮದುವೆಮನೆಗೆ ನುಗ್ಗಿ ಬಂದ್ಯೇ?" ಎಂದರು. ಅತ್ತೆಗೆ ತಲೆನೋವು. ಪೌಡರು ಕಲಸಿದ ಹಿಟ್ಟಾಯಿತೇ ಹೊರತು ಕೆರೆ ಬತ್ತಲಿಲ್ಲ.

ಕ್ಲಾಸು ಬಿಟ್ಟೇಬಿಡುತ್ತೇನೆಂದು ಪಕ್ಕದ ಮನೆಯ ಸ್ಕೂಲ್ ಟೀಚರ್ ಹತ್ತಿರ ಕಣ್ಣೀರು ಹಾಕಿದೆ.

"ಅಯ್ಯೋ ಪೆದ್ದಿ, ಪೌಡರು ವಾಸನೆಗೆ ಮುಸುಕು ಹಾಕುತ್ತೆ, ಅಷ್ಟೆ. ಕ್ಷೌರದವ್ರು ಕೆನ್ನೆಗೆ ಉಜ್ಜೋ ಪಟಿಕ ಇದೆಯಲ್ಲ, ಅದನ್ನ ಒದ್ದೆ ಮಾಡಿ ಉಜ್ಜು. ಕರಗಿ, ಬೆವರು ಬರೋ ತೂತಿಗೇ ಬಿರಡೆ ಇಡುತ್ತೆ. ಆಮೇಲೆ ತಾನೇ ಉದುರುತ್ತೆ, ಹೆದರ್ಬೇಡ."

ನಿಮ್ಮ ರೋಲ್‌ಆನ್ ಡಬ್ಬಿಯ ಹಿಂದೆ ಬರೆದಿರುವ ಅಲ್ಯೂಮಿನಿಯಮ್ಮೂ ಪಟಿಕದ ಮನೆತನದ್ದೇ.

"ಕ್ಷೌರದಂಗಡಿಗೆ ನಾನು ಹೆಂಗಕ್ಕಾ ಹೋಗ್ಲಿ?" ಎಂದೆ. ಆಮೇಲೆ ನೆನಪಾಯಿತು, ಪಟಿಕ ಮನೆಯಲ್ಲೇ ಇದೆ. ಮಳೆಗಾಲದ ಬಗ್ಗಡ ನೀರು ತಿಳಿಯಾಗಲೆಂದು ಅತ್ತೆ ಕುಡಿಯುವ ನೀರಿನ ಕೊಡದಲ್ಲಿ ಆಡಿಸುತ್ತಿದ್ದ ಕಲ್ಲು. ಕೆಂಪು ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದರು.

ದಿನಾ ಸ್ನಾನವಾದ ಮೇಲೆ ಕದ್ದು ಉಜ್ಜಿಕೊಂಡು, ತೊಳೆದು, ನೇತುಹಾಕುತ್ತಿದ್ದೆ. ಒಂದು ದಿನ ತೊಳೆಯಲು ಮರೆತೆ. ಅವತ್ತೇ ನಿಮ್ಮ ತಾತ ಆ ಕೊಡದ ನೀರು ಎರಡು ಲೋಟ ಕುಡಿದು, "ಇವತ್ತು ನೀರು ಎಷ್ಟು ಚೆನ್ನಾಗಿದೆ!" ಎಂದರು.

ಕ್ಲಾಸಿನಲ್ಲಿ ಮತ್ತೆ ಕೈ ಎತ್ತಿದೆ. ಮೇಡಂ ಕೆರೆ ಹುಡುಕಿ ಸುಮ್ಮನಾದರು.

ಅತ್ತೆ ಮಾತ್ರ ಸುಮ್ಮನಾಗಲಿಲ್ಲ. "ಮಳೆ ನಿಂತು ತಿಂಗಳಾಯ್ತು ಕಣೇ. ಕಲ್ಲು ಯಾಕೆ ಸವೀತಾ ಇದೆ?"

ನನ್ನ ತೋಳುಗಳು ತಾವಾಗಿ ಪಕ್ಕೆಗೆ ಅಂಟಿಕೊಂಡವು. ಅವರು ಅದನ್ನೇ ನೋಡಿದರು. ಕ್ಲಾಸಿಗೆ ಇವತ್ತೇ ಕೊನೆ ಎಂದುಕೊಂಡೆ.

ಮರುದಿನ ಮೊಳೆಯಲ್ಲಿ ಎರಡು ಕಲ್ಲು.

"ಕೆಂಪು ದಾರದ್ದು ನೀರಿಗೆ, ಬಿಳೀದು ನಿನಗೆ. ಅದಲು ಬದಲಾದ್ರೆ ನಿನ್ ಗಂಡನಿಗೆ ಹೇಳ್ಬಿಡ್ತೀನಿ. ಹೊರಡು, ಕ್ಲಾಸಿಗೆ ಹೊತ್ತಾಯ್ತು."

ಆ ಶುಕ್ರವಾರ ಅತ್ತೆ ರೇಷ್ಮೆ ರವಿಕೆ ತೊಟ್ಟು ಮಾರೇನಹಳ್ಳಿಗೆ ನಾಮಕರಣಕ್ಕೆ ಹೊರಟರು. ನಾನು ಇನ್ನೂ ಸ್ನಾನ ಮಾಡಿರಲಿಲ್ಲ. ಬಿಳಿ ದಾರದ ಕಲ್ಲು ಆಗಲೇ ಒದ್ದೆಯಾಗಿತ್ತು.